ಯವಗೃಹವೂ ಪಾನಗೃಹವೂ: ಇಂಗ್ಲೆಂಡಿನ ಹಳೆಯ ಬಾರ್ನುಗಳ ವಿಚಾರ

ಇಂಗ್ಲೆಂಡಿನ ಗ್ರಾಮಪ್ರಾಂತಗಳಲ್ಲಿ ಸಂಚರಿಸುವವರ ಕಣ್ಣಿಗೆ ಒಂದು ವಿಶೇಷವು ಬೀಳುವುದು. ಬೆಳೆಯನ್ನು ಕೂಡಿಡುವುದಕ್ಕಾಗಿ ಕೆಲವು ಶತಮಾನಗಳ ಹಿಂದೆ ಕಟ್ಟಿದ ವಿಶಾಲವಾದ ಕಟ್ಟಡಗಳು ಅಲ್ಲಲ್ಲಿ ಪಾನಭೋಜನಗೃಹಗಳಾಗಿ ಮಾರ್ಪಟ್ಟಿವೆ. ಒಂದೇ ಅಂಗಳದ ಸುತ್ತಲಿರುವ ಎರಡು ಮೂರು ಕಟ್ಟಡಗಳನ್ನು ಕೂಡಿಸಿ ಬಹುಜನರು ಏಕಕಾಲದಲ್ಲಿ ಕುಳಿತುಕೊಳ್ಳುವಂತೆ ಏರ್ಪಡಿಸಿರುವುದೂ ಉಂಟು. ಇಂಥ ಕಟ್ಟಡವನ್ನು ಆ ದೇಶದವರು 'ಬಾರ್ನ್' ಎನ್ನುವರು. ಪಾನಗೃಹಕ್ಕೆ 'ಪಬ್ಲಿಕ್ ಹೌಸ್' ಎಂದೂ, ಅದನ್ನೇ ಮೊಟಕುಗೊಳಿಸಿ 'ಪಬ್' ಎಂದೂ ಹೆಸರು. ಲ್ಯಾಂಕಷೈರಿನ ಗಾರ್‌ಸ್ಟಾಂಗ್ ಎಂಬ ಊರಿನಲ್ಲಿ ಕಾಲುವೆಯ ದಡದ ಹಳೆಯ ಬಾರ್ನೊಂದು ಇಪ್ಪತ್ತನೆಯ ಶತಮಾನದಲ್ಲಿ ಹೀಗೆ ಪಾನಗೃಹವಾಯಿತು. ಅದಕ್ಕೆ 'ಹಳೆಯ ದಶಮಾಂಶದ ಬಾರ್ನ್' ಎಂಬರ್ಥದ ಹೆಸರಿದೆ.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಇಂಥ ಕಟ್ಟಡಗಳ ಬಾಗಿಲ ಮೇಲೆ ಬರೆದಿರುವ ಹೆಸರು ಯಥಾರ್ಥವೇ ಎಂಬುದು ಮೊದಲನೆಯದು. ಧಾನ್ಯಕ್ಕಾಗಿ ಕಟ್ಟಿದ ಮನೆಯನ್ನು ಪಾನಕ್ಕೆ ಒಪ್ಪಿಸಿದುದು ಆ ಕಟ್ಟಡಕ್ಕೆ ಮಾಡಿದ ಅಪಚಾರವೇ ಅಥವಾ ರಕ್ಷಣೆಯೇ ಎಂಬುದು ಎರಡನೆಯದು. ಇವೆರಡನ್ನೂ ಕ್ರಮವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ.

೧. ಶಬ್ದವಿಚಾರ

'ಬಾರ್ನ್' ಎಂಬುದು ಪ್ರಾಚೀನ ಆಂಗ್ಲಭಾಷೆಯ ಒಂದು ಸಮಸ್ತಪದದ ಸವೆದ ರೂಪ. ಅದರ ಪೂರ್ವಪದವಾದ 'ಬೆರೆ' ಎಂಬುದಕ್ಕೆ ಯವ, ಎಂದರೆ ಜವೆಗೋಧಿ, ಎಂದರ್ಥ. ಉತ್ತರಪದವಾದ 'ಆರ್ನ್' ಎಂಬುದಕ್ಕೆ ಮನೆ ಎಂದರ್ಥ. ಇಂದಿನ 'ಬಾರ್ಲಿ' ಶಬ್ದವೂ ಆ 'ಬೆರೆ'ಯಿಂದಲೇ ಹುಟ್ಟಿತು. ಆದುದರಿಂದ ಬಾರ್ನ್ ಎಂದರೆ ಅಕ್ಷರಶಃ ಯವಗೃಹ. ಪಾನಗೃಹದಲ್ಲಿ ಪಾತ್ರೆಗಳನ್ನಿಟ್ಟು ಬಡಿಸುವ ಕಟ್ಟೆಗೆ 'ಬಾರ್' ಎಂಬ ಹೆಸರಿರುವುದರಿಂದ ಈ ಎರಡು ಶಬ್ದಗಳಿಗೂ ಸಂಬಂಧವಿರಬಹುದೆಂದು ಕೆಲವರಿಗೆ ತೋರಬಹುದು. ಅದು ಸಲ್ಲದು. 'ಬಾರ್' ಎಂಬುದು ಅಡ್ಡಗಟ್ಟುವ ಕಂಬಿಯ ವಾಚಕವಾಗಿ ಫ್ರೆಂಚ್ ಭಾಷೆಯಿಂದ ಬಂದ ಬೇರೆಯ ಶಬ್ದ. ಧ್ವನಿಸಾಮ್ಯ ಮಾತ್ರ ಆಕಸ್ಮಿಕ.

ನಮ್ಮಲ್ಲಿ ಬಾರ್ನ್ ಎಂಬುದಕ್ಕೆ ಕಣಜವೆಂದು ಭಾಷಾಂತರಿಸುವ ವಾಡಿಕೆಯಿದೆ. ಆಂಗ್ಲಕಾವ್ಯಗಳನ್ನು ಪಾಠ ಹೇಳುವ ಉಪಾಧ್ಯಾಯರು ಇದನ್ನು ಸ್ವಲ್ಪ ವಿಮರ್ಶಿಸಬೇಕಾಗಿದೆ. ಕಣಜದಲ್ಲಿ ಇಡುವುದು ಒಕ್ಕಿ, ತೂರಿ, ಅಳೆದ ಕಾಳನ್ನು. ಬಾರ್ನಿನಲ್ಲಿ ಇಡುತ್ತಿದ್ದುದು ಒಕ್ಕದೆ ಇರುವ ತೆನೆಸಹಿತವಾದ ಸಿವುಡುಗಳನ್ನು. ಒಕ್ಕುವುದೂ ತೂರುವುದೂ ಆ ಮಾಡಿನ ಕೆಳಗೇ ನಡೆಯುತ್ತಿದ್ದವು. ನಮ್ಮ ಸುಗ್ಗಿಯ ಕಾಲದಲ್ಲಿ ಸಾಮಾನ್ಯವಾಗಿ ಆಕಾಶವು ತಿಳಿಯಾಗಿರುವುದರಿಂದ ಬಣವೆಯನ್ನು ಬಯಲಿನಲ್ಲಿ ಒಟ್ಟಿ ಕಣವನ್ನೂ ಬಯಲಿನಲ್ಲೇ ಮಾಡುವೆವು. ಆಂಗ್ಲದೇಶದಲ್ಲಿ ಕೊಯ್ಲಿನ ಹಿಂದೆಯೇ ಮಳೆ, ಮಂಜು, ಚಳಿ. ಆದಕಾರಣ ನಮ್ಮ ಬಣವೆ, ಕಣ, ಹುಲ್ಲಿನ ಮೆದೆ ಈ ಮೂರೂ ಅಲ್ಲಿ ಒಂದೇ ಸೂರಿನ ಕೆಳಗೆ ಬರಬೇಕಾಯಿತು. ಬಾರ್ನಿನ ಮಹಾಗಾತ್ರಕ್ಕೆ ಇದೇ ಕಾರಣ. ಕಣಜವೆಂಬ ಮಾತಿನಿಂದ ಆ ಗಾತ್ರವೂ ತಿಳಿಯದು, ಒಳಗೆ ನಡೆಯುತ್ತಿದ್ದ ದುಡಿಮೆಯೂ ತಿಳಿಯದು. ಇಲ್ಲಿ ಬಾರ್ನ್ ಎಂಬ ಶಬ್ದವನ್ನೇ ಉಳಿಸಿಕೊಂಡಿರುವುದು ಈ ಕಾರಣದಿಂದಲೇ.

೨. ದಶಮಾಂಶವೆಂಬ ಹೆಸರು

ಬೆಳೆಯ ಹತ್ತನೆಯ ಒಂದು ಪಾಲನ್ನು ಊರಿನ ಚರ್ಚಿಗೆ ಸಲ್ಲಿಸಬೇಕೆಂಬ ವಿಧಿಯು ಆಂಗ್ಲದೇಶದಲ್ಲಿ ಬಹು ಪ್ರಾಚೀನವಾದುದು. ಕ್ರಿ. ಶ. ೯೫೯ರಿಂದ ೯೭೫ರ ವರೆಗೆ ಆಳಿದ ಎಡ್ಗರ್ ದೊರೆಯ ಶಾಸನಗಳಲ್ಲಿ ಇದನ್ನು ಸಲ್ಲಿಸದವರಿಗೆ ದಂಡವನ್ನೂ ವಿಧಿಸಿತ್ತು. ಧಾನ್ಯ, ಹುಲ್ಲು, ಮರಗಳ ದಶಮಾಂಶವು ದೊಡ್ಡದೆಂದೂ, ಮಿಕ್ಕ ಅಲ್ಪವಸ್ತುಗಳದು ಚಿಕ್ಕದೆಂದೂ ವಿಭಾಗವಿದ್ದಿತು. ಅನೇಕ ಊರುಗಳ ಚರ್ಚುಗಳು ಮಠಗಳ ವಶವಾದಾಗ ದೊಡ್ಡ ದಶಮಾಂಶವನ್ನು ಮಠವೇ ತೆಗೆದುಕೊಂಡು, ಊರಿನಲ್ಲಿ ಪೂಜಾಕಾರ್ಯಕ್ಕೆ ನಿಯಮಿಸಿದ ಪಾದ್ರಿಗೆ ಚಿಕ್ಕದನ್ನು ಬಿಡುತ್ತಿತ್ತು. ಹೀಗೆ ಬಂದ ಸಿವುಡುಗಳನ್ನು ಇಡುವ ಮನೆಯೇ 'ಟೈದ್ ಬಾರ್ನ್', ಎಂದರೆ ದಶಮಾಂಶದ ಬಾರ್ನ್.

ಆದರೆ ಇಂದು ಈ ಹೆಸರನ್ನು ಹೊತ್ತಿರುವ ಕಟ್ಟಡಗಳಲ್ಲಿ ಅನೇಕವು ದಶಮಾಂಶಕ್ಕಾಗಿ ಕಟ್ಟಿದವುಗಳಲ್ಲ. ಮಠಗಳಿಗೂ ವಿದ್ಯಾಶಾಲೆಗಳಿಗೂ ಸ್ವಂತ ಭೂಮಿಯು ಹೇರಳವಾಗಿದ್ದಿತು. ಅದರ ಬೆಳೆ ಪೂರ್ಣವಾಗಿ ಅವರದೇ. ಹತ್ತರಲ್ಲೊಂದು ಪಾಲನ್ನು ಇಡುವ ಮನೆ ಚಿಕ್ಕದಾದರೂ ಸಾಗುವುದು. ಹತ್ತಕ್ಕೆ ಹತ್ತನ್ನೂ ಇಡುವ ಮನೆ ದೊಡ್ಡದೇ ಆಗಬೇಕು. ಅತ್ಯಂತ ವಿಶಾಲವಾದ ಬಾರ್ನುಗಳು ಪ್ರಾಯಶಃ ಒಡೆತನದ ಭೂಮಿಯ ಬಾರ್ನುಗಳೇ ಆಗಿರುವುದು ಇದರಿಂದ ಸಹಜವಾಗಿದೆ. ಕಾಲಾಂತರದಲ್ಲಿ ಜನರು ಹಳೆಯದೂ ದೊಡ್ಡದೂ ಆದ ಪ್ರತಿಯೊಂದನ್ನೂ ದಶಮಾಂಶದ್ದೆಂದು ಕರೆದರು. ಪಾನಗೃಹದ ಒಡೆಯರು ಆ ಹೆಸರನ್ನು ಹಲಗೆಯ ಮೇಲೆ ಬರೆಯಿಸಿದರು. ಹಲಗೆಯ ಮೇಲಿನ ಹೆಸರನ್ನು ಚರಿತ್ರೆಗೆ ಪ್ರಮಾಣವಾಗಿ ಹಿಡಿಯತಕ್ಕುದಲ್ಲ ಎಂಬುದು ಇಷ್ಟರಿಂದ ಸಿದ್ಧವಾಯಿತು.

೩. ಮರದಲ್ಲಿರುವ ಶಾಸನ

ಹಾಗಾದರೆ ಪ್ರಮಾಣವು ಯಾವುದು? ಕಟ್ಟಡದ ಮರವೇ ಪ್ರಮಾಣ. ಮರದ ಅಡ್ಡಕೊಯ್ತದಲ್ಲಿ ಕಾಣುವ ವರ್ಷವಲಯಗಳನ್ನು ಎಣಿಸಿ, ಅಗಲವನ್ನು ಅಳೆದು, ಕಾಲವು ಗೊತ್ತಾಗಿರುವ ಬೇರೆ ಮರಗಳ ವಲಯಗಳೊಡನೆ ಹೋಲಿಸಿ ಮರವನ್ನು ಕಡಿದ ಕಾಲವನ್ನು ನಿರ್ಣಯಿಸುವ ಶಾಸ್ತ್ರವು ಈಗ ಚೆನ್ನಾಗಿ ಬೆಳೆದಿದೆ. ಅದರಿಂದ ತಿಳಿದುಬಂದ ಮೂರು ನಿದರ್ಶನಗಳನ್ನು ನೋಡಬಹುದು.

ಎಸೆಕ್ಸ್ ಪ್ರಾಂತದ ಕ್ರೆಸಿಂಗ್ ಟೆಂಪಲ್ ಎಂಬ ಸ್ಥಳವನ್ನು ಸ್ಟೀಫನ್ ದೊರೆಯ ರಾಣಿಯಾದ ಮಟಿಲ್ಡಾ ೧೧೩೭ರಲ್ಲಿ ಟೆಂಪ್ಲರ್ ಎಂಬ ಯೋಧಸನ್ಯಾಸಿಗಳಿಗೆ ದತ್ತಿಯಾಗಿ ಕೊಟ್ಟಳು. ಅಲ್ಲಿ ಜವೆಯ ಬಾರ್ನ್, ಗೋಧಿಯ ಬಾರ್ನ್ ಎಂಬ ಎರಡು ಕಟ್ಟಡಗಳಿವೆ. ಎರಡೂ ಹದಿಮೂರನೆಯ ಶತಮಾನದವು, ಜವೆಯದು ಹಿರಿಯದು. ೧೩೧೨ರಲ್ಲಿ ಆ ಪಂಥವೇ ರದ್ದಾಯಿತು. ೧೩೮೧ರ ರೈತರ ದಂಗೆಯಲ್ಲಿ ಆ ಸ್ಥಳವು ಸೂರೆಹೋಯಿತು. ಬಾರ್ನುಗಳು ಮಾತ್ರ ಇಂದಿಗೂ ನಿಂತಿವೆ.

ಗ್ರೇಟ್ ಕಾಕ್ಸ್‌ವೆಲ್ ಎಂಬ ಊರಿನ ಬಾರ್ನನ್ನು ಬ್ಯೂಲಿ ಮಠದ ಸಿಸ್ಟರ್ಸಿಯನ್ ಸನ್ಯಾಸಿಗಳು ೧೨೯೨ರ ಸುಮಾರಿಗೆ ಕಟ್ಟಿಸಿದರು. ಕಲ್ಲಿನ ಗೋಡೆ, ಕಲ್ಲುಹಲಗೆಯ ಮಾಡು, ಒಳಗೆ ಎತ್ತರವಾದ ಕಲ್ಲಿನ ಪೀಠಗಳ ಮೇಲೆ ನಿಂತ ಓಕ್ ಮರದ ಕಂಬಗಳು. ಉದ್ದ ಸುಮಾರು ೧೫೨ ಅಡಿ. ಸಮೀಪದ ಕೆಲ್ಮ್‌ಸ್ಕಾಟ್ ಗ್ರಾಮದಲ್ಲಿ ನೆಲಸಿದ್ದ ಕವಿ ವಿಲಿಯಂ ಮಾರಿಸನು ಇದನ್ನು ಮಹಾಚರ್ಚುಗಳಿಗೆ ಸಮಾನವಾಗಿ ಗೌರವಿಸುತ್ತಿದ್ದನು. ಪುರಾತನ ಕಟ್ಟಡಗಳ ರಕ್ಷಣೆಗಾಗಿ ೧೮೭೭ರಲ್ಲಿ ಸಂಘವನ್ನು ಸ್ಥಾಪಿಸಿದವನೂ ಆತನೇ.

ಲಂಡನ್ನಿನ ಪಶ್ಚಿಮದಲ್ಲಿರುವ ಹಾರ್ಮಂಡ್ಸ್‌ವರ್ತಿನ ಬಾರ್ನು ವಿಂಚೆಸ್ಟರ್ ವಿದ್ಯಾಶಾಲೆಯ ಜಹಗೀರಿಗೆ ಸೇರಿದುದು. ಮರಗಳು ೧೪೨೬ರ ಸುಮಾರಿನವು. ಉದ್ದ ೧೯೨ ಅಡಿ, ಅಗಲ ೩೭ ಅಡಿ, ಹನ್ನೆರಡು ಅಂಕಣ. ನಾವು ಮನೆಯನ್ನು ಅಂಕಣಗಳಿಂದ ಎಣಿಸುವಂತೆಯೇ ಆಂಗ್ಲೇಯರು ಬಾರ್ನನ್ನು 'ಬೇ'ಗಳಿಂದ ಎಣಿಸುವರು. ಇದೂ ಜನವಾಡಿಕೆಯಲ್ಲಿ ಬಹುಕಾಲ ದಶಮಾಂಶದ ಬಾರ್ನೆನಿಸಿದ್ದಿತು. ವಾಸ್ತವದಲ್ಲಿ ವಿದ್ಯಾಶಾಲೆಯ ಸ್ವಂತ ಬೆಳೆಗಾಗಿ ಕಟ್ಟಿದುದು.

೪. ಬಾರ್ನುಗಳು ಬರಿದಾದ ಬಗೆ

ಮಠಗಳು ೧೫೩೬ರಿಂದ ೧೫೪೦ರೊಳಗೆ ಎಂಟನೆಯ ಹೆನ್ರಿಯ ಆಜ್ಞೆಯಿಂದ ಮುಚ್ಚಿಹೋದರೂ ಬಾರ್ನುಗಳು ಬರಿದಾಗಲಿಲ್ಲ; ಒಡೆಯರು ಬದಲಾದರು, ಸಿವುಡುಗಳು ಬರುತ್ತಲೇ ಇದ್ದವು. ಶೂನ್ಯತೆಯು ಬಂದುದು ಹತ್ತೊಂಬತ್ತನೆಯ ಶತಮಾನದಿಂದೀಚೆಗೆ. ಅದರ ಆರಂಭವನ್ನು ಸೂಚಿಸಲು ೧೮೩೦ನೆಯ ವರ್ಷವು ಬಹಳ ಯೋಗ್ಯವಾದುದು.

ತೊಗಲಿನ ಪಟ್ಟಿಯಿಂದ ಜೋಡಿಸಿದ ಎರಡು ಕೋಲುಗಳ ಬಡಿಗೋಲನ್ನು ಬೀಸಿ ತೆನೆ ಬಡಿಯುವ ಕೆಲಸವು ಕೂಲಿಗಾರನಿಗೆ ಚಳಿಗಾಲದ ಜೀವನೋಪಾಯವಾಗಿದ್ದಿತು. ಹೊಲದಲ್ಲಿ ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಅವನ ಮಕ್ಕಳ ಅನ್ನವು ಬಾರ್ನಿನ ಕಣದಿಂದಲೇ ಬರಬೇಕಾಗಿತ್ತು. ಒಕ್ಕುವ ಯಂತ್ರವು ಬಂದು ಈ ಕೆಲಸವನ್ನು ಕಸಿದುಕೊಂಡಿತು. ೧೮೩೦ರಲ್ಲಿ ಕೆಂಟ್ ಪ್ರಾಂತದಿಂದ ತೊಡಗಿ ದಕ್ಷಿಣ ಇಂಗ್ಲೆಂಡಿನ ಅನೇಕ ಕಡೆಗಳಲ್ಲಿ ಕೂಲಿಗಾರರು ಈ ಯಂತ್ರಗಳನ್ನು ಒಡೆದುಹಾಕಿದರು. ಸರ್ಕಾರವು ಹಲವರನ್ನು ಗಲ್ಲಿಗೇರಿಸಿತು. ನೂರಾರು ಜನರನ್ನು ಆಸ್ಟ್ರೇಲಿಯಕ್ಕೆ ಗಡೀಪಾರು ಮಾಡಿತು. ಅದೇ ೧೮೩೦ರಲ್ಲಿ ಪಾರ್ಲಿಮೆಂಟು ಬಿಯರ್ ಮಾರಾಟದ ಕಾಯಿದೆಯನ್ನು ಮಾಡಿ, ತೆರಿಗೆ ಕೊಡುವ ಯಾವ ಗೃಹಸ್ಥನೂ ಎರಡು ಗಿನಿಗಳ ಶುಲ್ಕವನ್ನು ತೆತ್ತು ತನ್ನ ಮನೆಯಲ್ಲೇ ಬಿಯರನ್ನು ಮಾರಬಹುದೆಂದು ಅನುಮತಿಸಿತು. ಬಾರ್ನಿನ ಕಣವು ಬರಿದಾಗತೊಡಗಿದ ವರ್ಷವೂ, ಊರೂರಿನಲ್ಲಿ ಪಾನಗೃಹಗಳು ಹೆಚ್ಚತೊಡಗಿದ ವರ್ಷವೂ ಒಂದೇ. ಇವುಗಳಲ್ಲಿ ಕಾರ್ಯಕಾರಣಭಾವವನ್ನು ಕಲ್ಪಿಸಬೇಕಾಗಿಲ್ಲ. ಆದರೆ ಕೆಲಸದ ಮನೆಯನ್ನು ಕಳೆದುಕೊಂಡ ಹಳ್ಳಿಗನು ಕುಳಿತುಕೊಳ್ಳುವ ಮನೆಗಳನ್ನು ಹೆಚ್ಚಾಗಿ ಪಡೆದನೆಂಬುದು ವಿಚಾರಾರ್ಹವಾಗಿದೆ.

ಆರು ವರ್ಷಗಳ ತರುವಾಯ, ೧೮೩೬ರ ಕಾಯಿದೆಯಿಂದ, ಧಾನ್ಯರೂಪದ ದಶಮಾಂಶವು ಹಣದ ರೂಪಕ್ಕೆ ಪರಿವರ್ತಿತವಾಯಿತು. ಹಣವನ್ನಿಡಲು ಬಾರ್ನು ಬೇಡವಷ್ಟೆ. ೧೯೩೬ರ ಕಾಯಿದೆಯು ಆ ಬಾಧ್ಯತೆಯ ರೂಪವನ್ನು ಮತ್ತೆ ಮಾರ್ಪಡಿಸಿತು. ಅದರ ಶೇಷವೂ ೧೯೭೭ರಲ್ಲಿ ಕೊನೆಗೊಂಡಿತು. ಎರಡನೆಯ ಮಹಾಯುದ್ಧದ ಅನಂತರ ಕೊಯ್ಯುವುದನ್ನೂ ಒಕ್ಕುವುದನ್ನೂ ಹೊಲದಲ್ಲೇ ಒಟ್ಟಿಗೆ ಮುಗಿಸುವ ದೊಡ್ಡ ಯಂತ್ರಗಳು ಎಲ್ಲೆಡೆಯೂ ಹಬ್ಬಿದವು. ಸಿವುಡೇ ಇಲ್ಲವಾದ ಮೇಲೆ ಸಿವುಡಿನ ಮನೆಯು ನಿಷ್ಪ್ರಯೋಜನವಾಯಿತು.

೫. ಪಾನಗೃಹದಲ್ಲಿ ನೋಡತಕ್ಕವು

ಇಂಥ ಒಂದೆರಡು ಪಾನಗೃಹಗಳನ್ನು ಒಳಹೊಕ್ಕು ನೋಡುವ ಅವಕಾಶವು ಈ ಲೇಖಕನಿಗೆ ದೊರೆತಿದ್ದಿತು. ಪಾನಕ್ಕಾಗಿ ಹೋಗದವನಿಗೂ ಅಲ್ಲಿ ಓದತಕ್ಕ ವಿಷಯಗಳು ಹೇರಳವಾಗಿವೆ. ಮೊದಲು ಎದುರುಬದಿರಾದ ಎರಡು ಮಹಾದ್ವಾರಗಳನ್ನು ಗುರುತಿಸಬೇಕು. ಈಗ ಅವುಗಳಿಗೆ ಸಾಮಾನ್ಯವಾಗಿ ಗಾಜನ್ನು ಹಾಕಿರುವರು. ಹೊರೆ ಹೊತ್ತ ಬಂಡಿಯು ಒಂದರಿಂದ ಒಳಬಂದು, ಬರಿದಾಗಿ ಇನ್ನೊಂದರಿಂದ ಹೊರಹೋಗುತ್ತಿತ್ತು. ಇವೆರಡರ ನಡುವಣ ನೆಲವೇ ಕಣ. ಬಾಗಿಲುಗಳೆರಡನ್ನೂ ತೆರೆದಾಗ ಬೀಸುವ ಗಾಳಿಯಲ್ಲಿ ಕಾಳನ್ನು ತೂರುತ್ತಿದ್ದರು. ಕಣದ ಎರಡು ಕಡೆಗಳಲ್ಲಿ ಸಿವುಡುಗಳನ್ನು ಮಾಡಿನ ವರೆಗೂ ಒಟ್ಟುತ್ತಿದ್ದರು. ಗೋಡೆಯಲ್ಲಿರುವ ಕಿರಿದಾದ ಸೀಳುಗಂಡಿಗಳು ಸಿವುಡಿಗೆ ಗಾಳಿಯಾಡುವುದಕ್ಕೆ. ತ್ರಿಕೋಣಗೋಡೆಯ ಮೇಲ್ತುದಿಯ ಚಿಕ್ಕ ರಂಧ್ರವು ಇಲಿಗಳನ್ನು ಹಿಡಿಯುವ ಗೂಬೆ ಬಂದುಹೋಗುವುದಕ್ಕೆ.

ಕಂಬಗಳ ಬಳಿ ನಿಂತು ಕೀಲುಗಳನ್ನು ನೋಡಿದರೆ ಉಳಿಯಿಂದ ಕೊರೆದ ರೋಮನ್ ಅಂಕೆಗಳು ಕಾಣುವುವು. ಬಡಗಿಗಳು ಚೌಕಟ್ಟನ್ನು ಮೊದಲು ನೆಲದ ಮೇಲೆ ಹೊಂದಿಸಿ, ಯಾವ ತೊಲೆಗೆ ಯಾವ ಕಂಬವೆಂದು ಗುರುತು ಹಾಕಿ, ಬಿಚ್ಚಿ, ಬಳಿಕ ಎತ್ತಿ ನಿಲ್ಲಿಸುತ್ತಿದ್ದರು. ಬಾಗಿಲ ಹಲಗೆಯ ಹೆಸರು ಹೇಳದುದನ್ನು ಈ ಗುರುತುಗಳು ಹೇಳುವುವು. ಇವನ್ನು ಆ ಬಡಗಿಗಳ ಶಾಸನವೆಂದರೆ ತಪ್ಪಾಗಲಾರದು.

೬. ಪೂರ್ವಪಕ್ಷ ಮತ್ತು ಸಿದ್ಧಾಂತ

ಇನ್ನು ಎರಡನೆಯ ಪ್ರಶ್ನೆ. ಮಠದ ಧಾನ್ಯಗೃಹವು ಪಾನಗೃಹವಾಗುವುದು ಅಧಃಪಾತವೆಂದು ಪೂರ್ವಪಕ್ಷ. ಅನ್ನದ ಮನೆಯಲ್ಲಿ ಮದ್ಯವನ್ನು ಮಾರುವರೆಂದು ಕೇಳಿದೊಡನೆ ನಮ್ಮವರ ಮನಸ್ಸು ಹಿಂಜರಿಯುವುದೂ ಸ್ವಾಭಾವಿಕವೇ. ಆದರೆ ಇಲ್ಲಿ ವಿಚಾರಿಸುತ್ತಿರುವುದು ಪಾನದ ಗುಣದೋಷಗಳನ್ನಲ್ಲ, ಕಟ್ಟಡದ ಗತಿಯನ್ನು. ಅದಕ್ಕೆ ಸಮಾಧಾನವು ಮೂರು ಬಗೆಯಾಗಿದೆ.

ಮೊದಲನೆಯದಾಗಿ, ಆ ದೇಶದಲ್ಲಿ 'ಏಲ್' ಎಂಬ ಪಾನೀಯವು ಮೊಳಕೆ ಬರಿಸಿ ಒಣಗಿಸಿದ ಜವೆಯಿಂದಲೇ ಆದುದು. ಮಠಗಳೇ ಅದನ್ನು ತಯಾರಿಸುತ್ತಿದ್ದವು. ಕೊಯ್ಲಿನ ಕೂಲಿಯ ಒಂದು ಭಾಗವಾಗಿಯೂ ಅದನ್ನು ಕೊಡುತ್ತಿದ್ದರು. ಯವಗೃಹಕ್ಕೆ ಯವರಸವು ಹೊಸದಲ್ಲ. ಎರಡನೆಯದಾಗಿ, ಬಾರ್ನು ಹಿಂದಿನಿಂದಲೂ ಜನರು ಕೂಡುವ ಮನೆಯಾಗಿದ್ದಿತು. ಸುಗ್ಗಿ ಮುಗಿದಾಗ ಒಡೆಯನು ಆಳುಗಳಿಗೆ ಕೊಡುವ ಔತಣವು ಎಷ್ಟೋ ಕಡೆ ಅಲ್ಲಿಯೇ ನಡೆಯುತ್ತಿತ್ತು. ಊರೂರು ಅಲೆಯುವ ನಾಟಕದವರು ಅಲ್ಲಿಯೇ ಆಡುತ್ತಿದ್ದರು. ಅಂಥ ನಟರಿಗೆ ಬಾರ್ನಿನ ಹೆಸರಿನಿಂದಲೇ ಒಂದು ಅಡ್ಡಹೆಸರು ಆಂಗ್ಲಭಾಷೆಯಲ್ಲಿ ರೂಢಿಯಾಗಿದೆ.

ಮೂರನೆಯದೂ ಮುಖ್ಯವಾದುದೂ ಯಾವುದೆಂದರೆ, ಬಾರ್ನಿನ ಸ್ವರೂಪವಿರುವುದು ಅದರ ಅಖಂಡತೆಯಲ್ಲಿ. ಒಂದು ತುದಿಯಲ್ಲಿ ನಿಂತವನಿಗೆ ಇನ್ನೊಂದು ತುದಿಯ ವರೆಗೂ ಕಂಬಗಳ ಸಾಲು ಕಾಣಬೇಕು. ನೆಲದಲ್ಲಿ ನಿಂತವನಿಗೆ ಮಾಡಿನ ಬೆನ್ನೆಲುಬು ಕಾಣಬೇಕು. ಬರಿದಾದ ಬಾರ್ನಿಗೆ ಸಾಮಾನ್ಯವಾಗಿ ನಾಲ್ಕು ಗತಿಗಳು: ಬೀಳುವುದು, ವಾಸದ ಮನೆಯಾಗುವುದು, ಪ್ರದರ್ಶನದ ವಸ್ತುವಾಗುವುದು, ಜನರು ಕೂಡುವ ಶಾಲೆಯಾಗುವುದು. ವಾಸದ ಮನೆಯಾದಾಗ ಅಂತಸ್ತುಗಳೂ ಕೋಣೆಗಳೂ ಕಿಟಕಿಗಳೂ ಹುಟ್ಟಿ ಅಖಂಡತೆಯು ನಾಶವಾಗುವುದು. ಗೋಡೆ ಉಳಿದರೂ ಬಾರ್ನು ಉಳಿಯದು. ಹಾರ್ಮಂಡ್ಸ್‌ವರ್ತಿನ ಬಾರ್ನನ್ನು ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯು ೨೦೧೧ರಲ್ಲಿ ಕೊಂಡು ಜೀರ್ಣೋದ್ಧಾರ ಮಾಡಿದಂತೆ ಪ್ರತಿಯೊಂದನ್ನೂ ರಕ್ಷಿಸುವುದು ಯಾವ ಸಂಸ್ಥೆಗೂ ಶಕ್ಯವಲ್ಲ. ಉಳಿದುದು ನಾಲ್ಕನೆಯ ಗತಿ. ಪಾನಗೃಹಕ್ಕೆ ಬೇಕಾದುದು ವಿಶಾಲವಾದ ಒಂದೇ ಶಾಲೆ, ಬಾರ್ನಿನಲ್ಲಿರುವುದೂ ಅದೇ.

ಆದುದರಿಂದ ಸಿದ್ಧಾಂತವು ಹೀಗೆ: ಅಡಿಗೆಯ ಮನೆಯನ್ನು ಹೊರಗೆ ಕಟ್ಟಿ, ಮಾಡನ್ನು ಕೊರೆಯದೆ, ಕಂಬವನ್ನು ಕಡಿಯದೆ, ನಡುವೆ ಗೋಡೆಯನ್ನೆಬ್ಬಿಸದೆ ಇರುವ ಪಕ್ಷದಲ್ಲಿ ಪಾನಗೃಹವು ಬಾರ್ನಿಗೆ ರಕ್ಷಣೆಯೇ ಹೊರತು ಅಪಚಾರವಲ್ಲ. ಈ ನಿಯಮಗಳು ತಪ್ಪಿದಲ್ಲಿ ಅದೂ ವಿನಾಶವೇ. ಹೆಸರಿನ ದೋಷವನ್ನು ವಿದ್ವಾಂಸನೊಬ್ಬನು ಒಂದು ಲೇಖನದಿಂದ ತಿದ್ದಬಹುದು. ಕಡಿದುಹಾಕಿದ ಕಂಬವನ್ನು ಯಾರೂ ತಿದ್ದಲಾರರು. ಬಡಿಗೋಲನ್ನು ಬೀಸಿ ಚಳಿಗಾಲವನ್ನು ಕಳೆದ ಕೂಲಿಗಾರರ ಹೆಸರುಗಳು ಯಾವ ಹಲಗೆಯ ಮೇಲೂ ಇಲ್ಲ. ಅವರು ದುಡಿದ ಕಣವು ಇಡಿಯಾಗಿ ಉಳಿದರೆ, ಆ ದುಡಿಮೆಗೆ ಅಷ್ಟಾದರೂ ಸಾಕ್ಷಿಯು ಉಳಿದಂತಾಗುವುದು.