ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಇಲ್ಲದ ಅಂಕಣ



ನಾನು ಈ ಟಿಪ್ಪಣಿಯನ್ನು ಬರೆಯುತ್ತಿರುವುದು ವಯನಾಡಿನ ಕಾಟ್ಟಿಕುಳದಿಂದ. ಮಾನಂತವಾಡಿಯಿಂದ ಬರುವ ರಸ್ತೆ ಇಲ್ಲಿ ಕವಲೊಡೆಯುತ್ತದೆ. ಒಂದು ಕವಲು ತೋಲ್ಪೆಟ್ಟಿಯ ಮೂಲಕ ಕೊಡಗಿನ ಕುಟ್ಟಕ್ಕೆ ಹೋಗುತ್ತದೆ, ಇನ್ನೊಂದು ಬಾವಲಿಯ ಮೂಲಕ ಹೆಗ್ಗಡದೇವನಕೋಟೆಯ ಕಡೆಗೆ. ಎರಡು ದಾರಿಗಳೂ ಕನ್ನಡ ನಾಡಿಗೇ ಮುಟ್ಟುತ್ತವೆ. ಊರ ಹೆಸರಿನಲ್ಲಿರುವ ‘ಕುಳಂ’ ಕೂಡ ನಮ್ಮ ‘ಕೊಳ’ವೇ. ಇಂಥ ಊರಿನಲ್ಲಿ ಕುಳಿತು ನಾನು ಇಂದು ಹೇಳಹೊರಟಿರುವುದು ಮಂಗಳೂರಿನ ಒಂದು ಕೆಥೋಲಿಕ್ ವಿದ್ಯಾಸಂಸ್ಥೆಯ ಕಥೆ. ಸಂಬಂಧವೇನೆಂದು ತಾವು ಕೇಳಬಹುದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮಲಬಾರ್ ಜಿಲ್ಲೆಯ ವಯನಾಡೂ ದಕ್ಷಿಣ ಕನ್ನಡವೂ ಮದರಾಸಿನ ಒಂದೇ ಆಡಳಿತಕ್ಕೆ ಸೇರಿದ್ದವು ಎಂಬುದು ಮೊದಲ ಉತ್ತರ. ಎರಡನೆಯ ಉತ್ತರವನ್ನು ಕೊನೆಯಲ್ಲಿ ಹೇಳುತ್ತೇನೆ. ಅದು ನನ್ನದೇ ಒಂದು ತಪ್ಪಿಗೆ ಸಂಬಂಧಿಸಿದ್ದು.

ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆ ಆರಂಭವಾದದ್ದು 1880ರ ಜನವರಿ 12ರಂದು, ಸುಮಾರು 150 ವಿದ್ಯಾರ್ಥಿಗಳೊಂದಿಗೆ. ಅದಕ್ಕೆ ಮೊದಲೇ ಬಾಸೆಲ್ ಮಿಷನ್ ಆ ಊರಿನಲ್ಲಿ ಶಾಲೆ, ಮುದ್ರಣಾಲಯಗಳನ್ನು ಕಟ್ಟಿತ್ತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದೂ ಆ ಮಿಷನ್ನಿನ ಹೆರ್ಮನ್ ಮೊಗ್ಲಿಂಗರಿಂದಲೇ. ಪ್ರೊಟೆಸ್ಟಂಟರ ಶಾಲೆಗೆ ಮಕ್ಕಳನ್ನು ಕಳುಹಿಸಲು ಒಪ್ಪದ ಮಂಗಳೂರಿನ ಕೆಥೋಲಿಕ್ ಸಮುದಾಯ, ತಮ್ಮ ಹುಡುಗರನ್ನು ಕಾಲೇಜು ವಿದ್ಯೆಗೆ ಅಣಿಗೊಳಿಸುವ ಶಾಲೆಯೊಂದು ಬೇಕೆಂದು ರೋಮಿಗೆ ಮೊರೆಯಿಟ್ಟಿತು. 1878ರ ಕೊನೆಯಲ್ಲಿ ಯೇಸುಸಭೆಯ ಪಾದ್ರಿಗಳು ಬಂದಿಳಿದರು. ಅವರಲ್ಲಿ ಇಟಲಿಯವರೇ ಪ್ರಮುಖರು. ಗುಡ್ಡದ ಮೇಲಿನ ನಿವೇಶನವನ್ನು ದಾನವಾಗಿ ಕೊಟ್ಟವರು ಲಾರೆನ್ಸ್ ಲೋಬೊ ಪ್ರಭು. 1899ರಿಂದ ಸುಮಾರು ಎರಡು ವರ್ಷ ಆಂಟೋನಿಯೊ ಮೊಸ್ಕೇನಿ ಎಂಬ ಬ್ರದರ್ ಅಲ್ಲಿಯ ಪ್ರಾರ್ಥನಾಮಂದಿರದ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಪ್ರವಾಸಿಗರು ಇಂದಿಗೂ ಅದನ್ನು ನೋಡಲು ಬರುತ್ತಾರೆ. 2024ರಲ್ಲಿ ಸಂಸ್ಥೆ ಪರಿಗಣಿತ ವಿಶ್ವವಿದ್ಯಾಲಯವಾಯಿತು.

ಆದರೆ ಚಿತ್ರಗಳಿಗಿಂತ ನನ್ನನ್ನು ಹೆಚ್ಚು ಕಾಡುವುದು ಅಲ್ಲಿಯ ಭಾಷೆಗಳ ಸ್ಥಿತಿ. ಯಾವ ಹುಡುಗರಿಗಾಗಿ ಶಾಲೆ ಹುಟ್ಟಿತೋ ಅವರ ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಊರಿನ ಬರಹದ ಭಾಷೆ ಕನ್ನಡ. ಪರೀಕ್ಷೆಯ ಭಾಷೆ ಮಾತ್ರ ಇಂಗ್ಲಿಷು. ಮದರಾಸು ವಿಶ್ವವಿದ್ಯಾಲಯದ ಬಾಗಿಲು ತೆರೆಯುತ್ತಿದ್ದುದು ಆ ಒಂದೇ ಬೀಗದ ಕೈಯಿಂದ.

ಪಾದ್ರಿಗಳು ಇದನ್ನು ಅರಿಯದವರಲ್ಲ. ಅವರ ಪೈಕಿ ಆಂಜೆಲೊ ಮಾಫೇಯಿ ಎಂಬವರು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ಕೊಂಕಣಿ ನಿಘಂಟನ್ನೂ ಪ್ರಕಟಿಸಿದರು. ಅವು ಅಚ್ಚಾದದ್ದು ಮತಭೇದವಿದ್ದ ಬಾಸೆಲ್ ಮಿಷನ್ನಿನ ಅಚ್ಚುಕೂಟದಲ್ಲಿಯೇ. ಕನ್ನಡಕ್ಕೂ ಅಲ್ಲಿ ಗೌರವದ ಸ್ಥಾನವಿತ್ತು. ‘ನಾಡೋಜ ಪಂಪ’ ಬರೆದ ಮುಳಿಯ ತಿಮ್ಮಪ್ಪಯ್ಯನವರು ಅಲ್ಲಿ ಕನ್ನಡ ಪಂಡಿತರಾಗಿದ್ದರು. ಛಂದಸ್ಸಿನ ವಿಚಾರದಲ್ಲಿ ಇಂದಿಗೂ ನಾವು ಯಾರ ಮಾತಿಗೆ ತಲೆಬಾಗುತ್ತೇವೆಯೋ ಆ ಸೇಡಿಯಾಪು ಕೃಷ್ಣಭಟ್ಟರೂ ಅಲ್ಲಿಯೇ ಪಾಠ ಹೇಳಿದರು. ಸಮೀಪದ ಸಂತ ಆಗ್ನೆಸ್ ಕಾಲೇಜಿನಲ್ಲಿ ಕಡೆಂಗೋಡ್ಲು ಶಂಕರಭಟ್ಟರಿದ್ದರು. ಕೆಥೋಲಿಕ್ ಸಂಸ್ಥೆಗಳ ಸಂಬಳದಲ್ಲಿ ಹಳಗನ್ನಡದ ವಿದ್ವತ್ತು ಬೆಳೆಯಿತು ಎಂಬುದನ್ನು ಕನ್ನಡ ಎಂ.ಎ. ಓದಿದ ನಾವು ಕೃತಜ್ಞತೆಯಿಂದ ನೆನೆಯಬೇಕು.

ಹೀಗೆ ಇಂಗ್ಲಿಷಿಗೆ ತರಗತಿಯಿತ್ತು, ಕನ್ನಡಕ್ಕೆ ಪಂಡಿತರಿದ್ದರು, ಕೊಂಕಣಿಗೆ ನಿಘಂಟಿತ್ತು. ಆದರೆ ಕೊಂಕಣಿಗೆ ವೇಳಾಪಟ್ಟಿಯಲ್ಲಿ ಒಂದು ಗಂಟೆ ಇರಲಿಲ್ಲ. ಕರ್ನಾಟಕದ ಶಾಲೆಗಳಲ್ಲಿ ಅದನ್ನು ಐಚ್ಛಿಕ ಭಾಷೆಯಾಗಿ ಕಲಿಯುವ ಅವಕಾಶ ದೊರೆತದ್ದು ಈ ಶತಮಾನದ ಮೊದಲ ದಶಕದಲ್ಲಿ. ಮಾಫೇಯಿಯವರ ವ್ಯಾಕರಣ ಆಗಲೇ ನೂರಿಪ್ಪತ್ತು ವರ್ಷ ದಾಟಿತ್ತು.

ಈಗ ಹಳೆಯ ವಿದ್ಯಾರ್ಥಿಗಳ ವಿಚಾರಕ್ಕೆ ಬರೋಣ. ಪಟ್ಟಿ ದೊಡ್ಡದು. ಬ್ಯಾಂಕಿಂಗ್ ಕ್ಷೇತ್ರದ ಕೆ.ವಿ. ಕಾಮತರು ಅಲ್ಲಿ ಓದಿದವರು. 1990ರಲ್ಲಿ ಅಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಸಿದ ಅರವಿಂದ ಅಡಿಗರು 2008ರಲ್ಲಿ ‘ದಿ ವೈಟ್ ಟೈಗರ್’ ಕಾದಂಬರಿಗೆ ಬೂಕರ್ ಪ್ರಶಸ್ತಿ ಪಡೆದರು. ಅದೇ ವರ್ಷ ಬಂದ ಅವರ ಇನ್ನೊಂದು ಪುಸ್ತಕದಲ್ಲಿ ಕಿತ್ತೂರು ಎಂಬ ಕಲ್ಪಿತ ಕರಾವಳಿ ಪಟ್ಟಣವಿದೆ. ಮಂಗಳೂರನ್ನು ಬಲ್ಲವರಿಗೆ ಅದರ ಗುರುತು ಹತ್ತುತ್ತದೆ.

ನಾನು ನಿಲ್ಲಬಯಸುವುದು ಒಂದೇ ಹೆಸರಿನ ಬಳಿ. ಜಾರ್ಜ್ ಫೆರ್ನಾಂಡಿಸ್ 1930ರ ಜೂನ್ 3ರಂದು ಮಂಗಳೂರಿನ ಕೊಂಕಣಿ ಕೆಥೋಲಿಕ್ ಮನೆಯಲ್ಲಿ ಹುಟ್ಟಿದರು. ಈ ಸಂಸ್ಥೆಯ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿಯವರೆಗೆ ಓದಿದರು. ಮಗ ವಕೀಲನಾಗಲಿ ಎಂಬುದು ತಂದೆಯ ಆಸೆಯಾಗಿತ್ತು, ಮಗ ಮಾತ್ರ ಪಾದ್ರಿಯಾಗಲು 1946ರಲ್ಲಿ ಬೆಂಗಳೂರಿನ ಸೆಮಿನರಿಗೆ ಸೇರಿದರು. ಅಲ್ಲಿಯ ಬೋಧನೆಗೂ ಆಚರಣೆಗೂ ನಡುವಿನ ಅಂತರ ಸಹಿಸದೆ ಹೊರಬಂದರು. 1949ರಲ್ಲಿ, ಇನ್ನೂ ಇಪ್ಪತ್ತು ತುಂಬದ ಆ ಯುವಕ ಮೊದಲು ಕೈಗೆತ್ತಿಕೊಂಡ ಕೆಲಸಗಳನ್ನು ಗಮನಿಸಿ: ‘ಕೊಂಕಣಿ ಯುವಕ್’ ಎಂಬ ಕೊಂಕಣಿ ಮಾಸಿಕದ ಸಂಪಾದನೆ, ‘ರೈತವಾಣಿ’ ಎಂಬ ಕನ್ನಡ ವಾರಪತ್ರಿಕೆಯ ಸಂಪಾದನೆ. ಅನಂತರ ಮುಂಬಯಿ, ಬಂದರು ಕಾರ್ಮಿಕರ ಸಂಘ, 1967ರಲ್ಲಿ ಎಸ್.ಕೆ. ಪಾಟೀಲರ ಮೇಲಿನ ಗೆಲುವು, 1974ರ ರೈಲ್ವೆ ಮುಷ್ಕರ, ತುರ್ತುಪರಿಸ್ಥಿತಿಯ ಸೆರೆವಾಸ. ಮುಂದೆ ರೈಲ್ವೆ ಸಚಿವರಾಗಿ ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟರು, ರಕ್ಷಣಾ ಸಚಿವರೂ ಆದರು. ಅವರಿಗೆ ಸುಮಾರು ಹತ್ತು ಭಾಷೆಗಳು ಬರುತ್ತಿದ್ದವು. ಬಂದರಿನ ಕೂಲಿಯವನೊಡನೆ ಅವನ ಮಾತಿನಲ್ಲಿಯೇ ಮಾತನಾಡಬಲ್ಲ ನಾಯಕ ಅವರಾಗಿದ್ದರು.

ಈ ಸಾಮರ್ಥ್ಯ ಎಲ್ಲಿಂದ ಬಂತು? ಶಾಲೆ ಕಲಿಸಿತು ಎಂದರೆ ಅರ್ಧ ಸತ್ಯ. ದೂರದವರಿಗೆ ವಿದ್ಯಾರ್ಥಿನಿಲಯವಿದ್ದರೂ ಊರ ಹುಡುಗರ ಪಾಲಿಗೆ ಅದು ದಿನಶಾಲೆ. ಸಂಜೆ ಗಂಟೆ ಬಾರಿಸಿದೊಡನೆ ಹುಡುಗ ಗುಡ್ಡವಿಳಿದು ಮನೆಗೆ ಹೋಗುತ್ತಿದ್ದ. ದಾರಿಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ, ಅಡುಗೆಮನೆಯಲ್ಲಿ ಮತ್ತು ಸಂಜೆಯ ಪ್ರಾರ್ಥನೆಯಲ್ಲಿ ಕೊಂಕಣಿ. ಶಾಲೆ ಕೊಡದಿದ್ದುದನ್ನು ಮನೆ ದಿನವೂ ಕೊಡುತ್ತಿತ್ತು. ಮನೆಯ ಹಿಂದೆ ಸಮುದಾಯವೂ ನಿಂತಿತ್ತು. 1912ರಲ್ಲಿ ಲುವಿಸ್ ಮಸ್ಕರೇನ್ಹಸ್ ‘ಕೊಂಕಣಿ ದಿರ್ವೆಂ’ ಪತ್ರಿಕೆ ಹೊರಡಿಸಿದರು. 1938ರಲ್ಲಿ ‘ರಾಕ್ಣೊ’ ವಾರಪತ್ರಿಕೆ ಬಂತು. ಇವೆರಡೂ ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ. ಹುಡುಗ ಶಾಲೆಯಲ್ಲಿ ಕಲಿತ ಕನ್ನಡ ಅಕ್ಷರಗಳಿಂದ ಮನೆಯಲ್ಲಿ ತಾಯ್ನುಡಿಯನ್ನು ಓದಬಹುದಿತ್ತು. 1992ರಲ್ಲಿ ಕೊಂಕಣಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರುವವರೆಗೂ ಅದನ್ನು ಕಾಪಾಡಿದ್ದು ಶಾಲೆಯಲ್ಲ, ಶಾಲೆ ಮುಗಿದ ಮೇಲಿನ ಸಂಜೆಗಳು.

ಇನ್ನು ಕಾಟ್ಟಿಕುಳಕ್ಕೆ ಮರಳುತ್ತೇನೆ. ಇಲ್ಲಿಯ ಸುತ್ತಮುತ್ತ ಅಡಿಯರು, ಪಣಿಯರು, ಕಾಟ್ಟುನಾಯ್ಕರು, ಬೆಟ್ಟಕುರುಬರು ಇದ್ದಾರೆ. ಅಡಿಯರನ್ನೇ ಕೊಡಗಿನವರು ಎರವರೆನ್ನುತ್ತಾರೆ. ಕಾಟ್ಟುನಾಯ್ಕರ ಮಾತು ನಮ್ಮ ಜೇನುಕುರುಬರ ಮಾತಿಗೆ ಹತ್ತಿರ, ಅಂದರೆ ಕನ್ನಡಕ್ಕೂ ಹತ್ತಿರ. ಈ ಮಕ್ಕಳಿಗೆ ಗಡಿಯ ಈಚೆ ಶಾಲೆಯೆಂದರೆ ಮಲಯಾಳಂ, ಆಚೆ ಶಾಲೆಯೆಂದರೆ ಕನ್ನಡ. ಎರಡೂ ಕಡೆ ಮನೆಮಾತಿಗೆ ಬಾಗಿಲ ಹೊರಗೇ ನಿಲ್ಲುವ ಪಾಡು. ಅವರ ಪರವಾಗಿ ‘ರಾಕ್ಣೊ’ದಂಥ ಪತ್ರಿಕೆಯೂ ಇಲ್ಲ. ಎಷ್ಟೋ ಮಕ್ಕಳು ವಸತಿಶಾಲೆಗಳಲ್ಲಿರುವುದರಿಂದ ಆ ಸಂಜೆಯೂ ಅವರಿಗಿಲ್ಲ. ವಸತಿಶಾಲೆ ಅನ್ನ ಕೊಡುತ್ತದೆ, ಹಾಜರಿ ಉಳಿಸುತ್ತದೆ. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಅಜ್ಜಿಯ ಮಾತು ಕೇಳಿಸದ ಹತ್ತು ವರ್ಷಗಳ ಬೆಲೆಯನ್ನು ಯಾರೂ ಲೆಕ್ಕ ಹಾಕಿಲ್ಲ.

ನನ್ನ ತಪ್ಪನ್ನು ಈಗ ಹೇಳುತ್ತೇನೆ. ಗಡಿಯಾಚೆಯ ಒಂದು ಕನ್ನಡ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದೆ. ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳ ಪಟ್ಟಿ ಬೇಕಾಗಿ ದಾಖಲಾತಿ ರಿಜಿಸ್ಟರುಗಳನ್ನು ಒಂದೊಂದಾಗಿ ತೆರೆದೆ. ವೈದ್ಯರು, ಎಂಜಿನಿಯರು, ತಹಸೀಲ್ದಾರರು ಸಿಕ್ಕರು. ಹಾಡಿಯ ಮಕ್ಕಳ ಹೆಸರುಗಳ ಮುಂದೆ ಮಾತ್ರ ‘ದೀರ್ಘ ಗೈರುಹಾಜರಿ, ಹೆಸರು ತೆಗೆಯಲಾಗಿದೆ’ ಎಂಬ ಷರಾ ಮತ್ತೆ ಮತ್ತೆ ಕಂಡಿತು. ಆ ಪುಟಗಳಲ್ಲಿ ‘ಮಾತೃಭಾಷೆ’ ಎಂಬ ಅಂಕಣವಿತ್ತು. ಎಲ್ಲ ಮಕ್ಕಳ ಮುಂದೆಯೂ ‘ಕನ್ನಡ’ ಎಂದಿತ್ತು. ಹಲವು ಪುಟಗಳಲ್ಲಿ ಆ ಪದವನ್ನು ಬರೆದ ಅಕ್ಷರ ನನ್ನದೇ. ದಾಖಲಾತಿಗೆ ಬಂದ ತಾಯಿಯನ್ನು ‘ಮನೆಯಲ್ಲಿ ಯಾವ ಮಾತಮ್ಮಾ?’ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಮೊದಲ ಮೂರು ಸಾಲಿಗೆ ‘ಕನ್ನಡ’ ಎಂದು ಬರೆದು, ಕೆಳಗಿನವಕ್ಕೆಲ್ಲ ‘ಅದೇ’ ಗುರುತು ಹಾಕುತ್ತಾ ಹೋಗಿದ್ದೆ.

ಇಲ್ಲಿಗೆ ಸಮೀಪದ ತೃಶ್ಶಿಲೇರಿಯ ಅಡಿಯ ಸಮುದಾಯದಲ್ಲಿ ಹುಟ್ಟಿದ ಸಿ.ಕೆ. ಜಾನು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸಾಕ್ಷರತಾ ಆಂದೋಲನದಲ್ಲಿ ಓದು ಕಲಿತು ಕೇರಳದ ಆದಿವಾಸಿ ಭೂಹೋರಾಟದ ಮುಂದಾಳಾದರು. ಯಾವ ಶಾಲೆಯ ಪಟ್ಟಿಯೂ ಆ ಹೆಸರನ್ನು ತನ್ನದೆನ್ನಲಾರದು. ಆ ಪಟ್ಟಿಗಳ ಕೊರತೆ ಅದು.

ಕಾನೂನು ನಮ್ಮ ಪರವಾಗಿಯೇ ಇದೆ. ಮತದ ಆಧಾರದಲ್ಲಿಯೂ ಭಾಷೆಯ ಆಧಾರದಲ್ಲಿಯೂ ಅಲ್ಪಸಂಖ್ಯಾತರಾದವರು ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸಬಹುದೆಂದು ಸಂವಿಧಾನದ 30ನೆಯ ವಿಧಿ ಹೇಳುತ್ತದೆ. ಕೆಥೋಲಿಕ್ ಶಾಲೆಯೂ ಕಾಸರಗೋಡಿನ ಕನ್ನಡ ಶಾಲೆಯೂ ಒಂದೇ ವಾಕ್ಯದ ನೆರಳಿನಲ್ಲಿ ನಿಂತಿವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆಂದು 350ಎ ವಿಧಿ ವಿಧಿಸುತ್ತದೆ. ಮಗುವಿನ ತಾಯ್ನುಡಿ ಯಾವುದೆಂದು ಹೇಳಬೇಕಾದವರು ಹೆತ್ತವರೇ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟು ಕರ್ನಾಟಕದ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಕನ್ನಡ ಮಾಧ್ಯಮಕ್ಕೆ ಸೋಲಾಯಿತೆಂದು ಅಂದು ನಾವೆಲ್ಲ ಮರುಗಿದೆವು. ಆದರೆ ಆ ತೀರ್ಪು ನನ್ನಂಥ ಮುಖ್ಯೋಪಾಧ್ಯಾಯರ ಕೈಯಿಂದ ಲೇಖನಿಯನ್ನು ಕಸಿದು ಹಾಡಿಯ ತಾಯಿಯ ಬಾಯಿಗೆ ಮಾತು ಕೊಟ್ಟಿದೆ ಎಂಬುದನ್ನು ನಾನು ತಿಳಿದದ್ದು ತಡವಾಗಿ.

2017ರಲ್ಲಿ ಕೇರಳ ಸರಕಾರ ಎಲ್ಲ ಶಾಲೆಗಳಲ್ಲೂ ಮಲಯಾಳಂ ಕಡ್ಡಾಯಗೊಳಿಸಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ನ್ಯಾಯವಾದ ಕೂಗು ಅದು. ನಾನೂ ದನಿಗೂಡಿಸಿದ್ದೇನೆ. ಆದರೆ ನಮ್ಮ ಮಕ್ಕಳ ಮೇಲೆ ಯಾವುದನ್ನು ಅನ್ಯಾಯವೆನ್ನುತ್ತೇವೆಯೋ ಅದನ್ನೇ ನಾವು ಹಾಡಿಯ ಮಕ್ಕಳ ಮೇಲೆ ಎಸಗಿದರೆ ನಮ್ಮ ಕೂಗಿಗೆ ಬೆಲೆಯುಳಿಯದು.

ಆದುದರಿಂದ ಗಡಿನಾಡಿನ ಶಿಕ್ಷಕ ಮಿತ್ರರಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಜೂನ್ ತಿಂಗಳಲ್ಲಿ ರಿಜಿಸ್ಟರು ತೆರೆದಾಗ ಮಾತೃಭಾಷೆಯ ಅಂಕಣದಲ್ಲಿ ‘ಅದೇ’ ಗುರುತು ಹಾಕಬೇಡಿ. ತಾಯಿಯನ್ನು ಕೇಳಿ, ಆಕೆ ಹೇಳಿದ ಹೆಸರನ್ನೇ ಬರೆಯಿರಿ. ವಾರಕ್ಕೊಂದು ಗಂಟೆ ಹಾಡಿಯ ಅಜ್ಜಿಯೊಬ್ಬರನ್ನು ತರಗತಿಗೆ ಕರೆಯಿರಿ; ಕೇಳಿದ ಪದಗಳನ್ನು ಕನ್ನಡ ಲಿಪಿಯಲ್ಲೋ ಮಲಯಾಳಂ ಲಿಪಿಯಲ್ಲೋ ಮಕ್ಕಳೇ ಬರೆದಿಡಲಿ. ವಸತಿಶಾಲೆಯವರು ಸಂಜೆಯ ಒಂದು ಹೊತ್ತನ್ನಾದರೂ ಮನೆಮಾತಿಗೆ ಬಿಟ್ಟುಕೊಡಲಿ. ಇಂಗ್ಲಿಷನ್ನು ಚೆನ್ನಾಗಿಯೇ ಕಲಿಸಿ, ಅದು ಬಾಗಿಲು ತೆರೆಯುತ್ತದೆ. ಮಂಗಳೂರಿನ ಗುಡ್ಡದ ಶಾಲೆ ಅದನ್ನು ತೋರಿಸಿಕೊಟ್ಟಿದೆ. ಆದರೆ ಆ ಹುಡುಗರಿಗೆ ಸಂಜೆ ಹಿಂದಿರುಗಲು ಒಂದು ಭಾಷೆಯಿತ್ತು ಎಂಬುದನ್ನು ಮರೆಯಬೇಡಿ.

ನನ್ನ ಶಾಲೆಯ ಆ ಸ್ಮರಣ ಸಂಚಿಕೆ ಅಚ್ಚಾಗಿ ಹೋಗಿದೆ, ತಿದ್ದಲು ಬಾರದು. ನಿಮ್ಮ ಶಾಲೆಯದು ಇನ್ನೂ ಅಚ್ಚಾಗಿಲ್ಲದಿದ್ದರೆ, ಹೆಸರು, ಹುದ್ದೆಗಳ ಪಕ್ಕದಲ್ಲಿ ಮನೆಮಾತಿನ ಅಂಕಣವೊಂದನ್ನು ದಯವಿಟ್ಟು ಸೇರಿಸಿ.