ಹತ್ತಿಯ ಗುಲಾಬಿ ಕಾಯಿಕೊರಕ

ಹತ್ತಿಯ ಗುಲಾಬಿ ಕಾಯಿಕೊರಕ (ಪೆಕ್ಟಿನೋಫೋರಾ ಗಾಸಿಪಿಯೆಲ್ಲಾ) ಗೆಲೆಚಿಯಿಡೀ ಕುಟುಂಬಕ್ಕೆ ಸೇರಿದ ಸಣ್ಣ ಪತಂಗ. ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು 15ರಿಂದ 20 ಮಿ.ಮೀ. ಕಂದು ಮುಂರೆಕ್ಕೆಗಳ ಮೇಲೆ ಕಪ್ಪು ಮಚ್ಚೆಗಳಿರುತ್ತವೆ. ಬೂದು ಹಿಂರೆಕ್ಕೆಗಳ ಅಂಚಿನಲ್ಲಿ ನೀಳವಾದ ಕುಚ್ಚು ಇರುತ್ತದೆ. ಹಗಲು ಮಣ್ಣಿನ ಬಿರುಕು, ಕಸಕಡ್ಡಿಗಳಲ್ಲಿ ಅಡಗಿ ರಾತ್ರಿ ಹಾರುವುದರಿಂದ ಪತಂಗ ಕಣ್ಣಿಗೆ ಬೀಳುವುದು ಅಪರೂಪ. ರೈತರು ಕಾಣುವುದು ಕಾಯಿಯೊಳಗಿನ ಹುಳುವನ್ನು.

1840ರ ದಶಕದಲ್ಲಿ ಗುಜರಾತಿನ ಭರೂಚಿನ ಹತ್ತಿಯಿಂದ ಸಿಕ್ಕ ಮಾದರಿಗಳನ್ನು ಆಧರಿಸಿ ಕೀಟಶಾಸ್ತ್ರಜ್ಞ ಸಾಂಡರ್ಸ್ ಇದನ್ನು ವಿವರಿಸಿದನು. ಇಂದು ಹತ್ತಿ ಬೆಳೆಯುವ ಬಹುತೇಕ ಬಿಸಿಲುನಾಡುಗಳಲ್ಲಿ ಇದು ಇದೆ. ದೂರ ಸಾಗಿದ್ದು ಬೀಜದೊಳಗೆ ಕುಳಿತು: ಭಾರತದ ಬೀಜದೊಂದಿಗೆ ಈಜಿಪ್ತಿಗೂ, ಅಲ್ಲಿಂದ 1911ರಲ್ಲಿ ಮೆಕ್ಸಿಕೋಗೂ, ಮೆಕ್ಸಿಕೋದಿಂದ 1917ರಲ್ಲಿ ಟೆಕ್ಸಾಸಿಗೂ ತಲುಪಿತು. ಅಮೆರಿಕ ದೀರ್ಘ ಕಾರ್ಯಾಚರಣೆಯ ನಂತರ 2018ರಲ್ಲಿ ತನ್ನ ಹತ್ತಿ ಪ್ರದೇಶಗಳಿಂದ ಇದು ನಿರ್ಮೂಲವಾಯಿತೆಂದು ಘೋಷಿಸಿತು.

ಹುಳುವಿನ ಮುಖ್ಯ ಆಹಾರ ಹತ್ತಿ. ಬೆಂಡೆ, ಪುಂಡಿ, ತುತ್ತಿ, ಹೂವರಸಿ ಮೊದಲಾದ ದಾಸವಾಳ ಕುಟುಂಬದ ಗಿಡಗಳಲ್ಲೂ ಬದುಕಬಲ್ಲದು. ಉತ್ತರ ಕರ್ನಾಟಕದ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಅಡುಗೆಗೆ ಪುಂಡಿಪಲ್ಯ, ಬೆಂಡೆ ಬೇಕೇ ಬೇಕು. ತುತ್ತಿ ಬದುಗಳಲ್ಲಿ ತಾನಾಗಿ ಬೆಳೆಯುತ್ತದೆ. ಆದರೂ ಪೀಡೆಯ ಬಲ ನಿರ್ಧಾರವಾಗುವುದು ಹತ್ತಿ ಎಷ್ಟು ಕಾಲ ಹೊಲದಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ. ಈ ಎರೆಭೂಮಿಯ ಹಳೆಯ ತಳಿ ಜಯಧರ್ ಮಳೆಗಾಲದ ಕೊನೆಗೆ ಬಿತ್ತನೆಯಾಗಿ ಬೇಸಿಗೆಯ ಹೊತ್ತಿಗೆ ಅರಳುತ್ತದೆ. ಮುಂಗಾರಿನ ಸಂಕರ ಹತ್ತಿ ಅದಕ್ಕೂ ಮೊದಲೇ ಕಾಯಿ ಕಟ್ಟುತ್ತದೆ. ಎರಡೂ ಅಕ್ಕಪಕ್ಕದಲ್ಲಿದ್ದರೆ ಪತಂಗಕ್ಕೆ ತಿಂಗಳುಗಟ್ಟಲೆ ಹೂ, ಕಾಯಿಗಳ ಕೊರತೆಯಿಲ್ಲ.

ತಾಯಿ ಪತಂಗ ಮೊದಲು ಮೊಗ್ಗುಗಳ ಮೇಲೆ, ಮುಂದೆ ಎಳೆಗಾಯಿಗಳ ಬುಡದಲ್ಲಿ ಮೊಟ್ಟೆಯಿಡುತ್ತದೆ. ಹೂ ಹೊಕ್ಕ ಮರಿ ಎಸಳುಗಳನ್ನು ನೂಲಿನಿಂದ ಬಿಗಿದು ಅರಳದಂತೆ ಮಾಡುತ್ತದೆ; ಮುದುಡಿದ ಆ ಹೂವೇ ಮೊದಲ ಸುಳಿವು. ಕಾಯಿ ಹೊಕ್ಕ ಮೇಲೆ ರಂಧ್ರ ಮುಚ್ಚಿಹೋಗುವುದರಿಂದ ಹೊರಗೆ ಗುರುತೇ ಉಳಿಯದು, ಸಿಂಪಡಿಸಿದ ಔಷಧವೂ ತಾಗದು. ಬೆಳೆದ ಹುಳು ಸುಮಾರು 10ರಿಂದ 12 ಮಿ.ಮೀ. ಉದ್ದವಾಗಿ ಗುಲಾಬಿ ಬಣ್ಣ ತಾಳುತ್ತದೆ. ಬೀಜದ ತಿರುಳು ತಿಂದು, ಎರಡು ಬೀಜಗಳನ್ನು ಜೋಡಿಸಿ ನಡುವೆ ಗೂಡು ಮಾಡಿಕೊಳ್ಳುವುದುಂಟು. ಅರಳೆಗೆ ಕಲೆ ಬಿದ್ದು ಕಾಯಿ ಅರೆಬರೆ ಬಿರಿಯುತ್ತದೆ. ಪೇಟೆಯಲ್ಲಿ ಧಾರಣೆ ಕುಸಿಯುತ್ತದೆ.

2002ರಲ್ಲಿ ಭಾರತಕ್ಕೆ ಬಂದ ಕುಲಾಂತರಿ ಬಿಟಿ ಹತ್ತಿ ಕೆಲವು ವರ್ಷ ಇದನ್ನು ತಡೆಯಿತು. ಬಳಿಕ ಗುಜರಾತಿನಲ್ಲಿ ಮೊದಲು ಕಂಡ ಹುಳುವಿನ ನಿರೋಧಶಕ್ತಿ 2006ರ ಎರಡು ಜೀನುಗಳ ಬಿಟಿ ತಳಿಯನ್ನೂ ಮೀರಿತು. ಹೀಗಾಗಿ ಕಾಲಬದ್ಧ ಬಿತ್ತನೆ, ಗಂಡು ಪತಂಗಗಳನ್ನು ಸೆಳೆಯುವ ಮೋಹಕ ಬಲೆ, ಬೆಳೆಯನ್ನು ಬೇಗ ಮುಗಿಸುವುದು ಇವೇ ಮುಖ್ಯ ಉಪಾಯಗಳಾಗಿವೆ. ಹುಳು ಬೀಜದಲ್ಲೋ ಒಣಗಿದ ಕಾಯಿಯಲ್ಲೋ ತಿಂಗಳುಗಟ್ಟಲೆ ಸುಪ್ತವಾಗಿರುತ್ತದೆ. ಆದ್ದರಿಂದ ಉರುವಲಿಗೆಂದು ಹಿತ್ತಲಲ್ಲಿ ಒಟ್ಟಿದ ಹತ್ತಿಕಟ್ಟಿಗೆ, ಜಿನ್ನಿಂಗ್ ಗಿರಣಿಯ ಅಂಗಳದಲ್ಲಿ ಉಳಿದ ಬೀಜ ಎರಡನ್ನೂ ಮುಂದಿನ ಬಿತ್ತನೆಗೆ ಮೊದಲೇ ವಿಲೇವಾರಿ ಮಾಡಬೇಕಾಗುತ್ತದೆ.