ಕಾರ್ಕಳದ ಕಲ್ಲು ಕಲಿಸಿದ ಪಾಠ

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಇತಿಹಾಸದ ಮೇಷ್ಟ್ರು ನಮ್ಮನ್ನು ಕರಾವಳಿಯ ಕಾರ್ಕಳಕ್ಕೆ ಪ್ರವಾಸ ಕರೆದೊಯ್ದರು. ಮೊದಲು ನೋಡಿದ್ದು 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು. ಯಾವ ಬಾಗಿಲಲ್ಲಿ ನಿಂತರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನ. ಎಲ್ಲರೂ ಒಳಗಿದ್ದಾಗ ನಾನು ಹೊರಗಿನ ಕಂಬವೊಂದರ ಮೇಲೆ ಕೈವಾರದ ಮೊನೆಯಿಂದ ನನ್ನ ಹೆಸರು ಗೀಚಿದೆ. ಮೇಷ್ಟ್ರು ನೋಡಿದರು, ಬೈಯಲಿಲ್ಲ.

ಆಮೇಲೆ ಎದುರಿನ ಬೆಟ್ಟ ಹತ್ತಿದೆವು. ಅಲ್ಲಿ ಸುಮಾರು 42 ಅಡಿ ಎತ್ತರದ ಏಕಶಿಲಾ ಬಾಹುಬಲಿ. ಮೂರ್ತಿಯ ಪಕ್ಕದ ಶಾಸನ ತೋರಿಸಿ ಮೇಷ್ಟ್ರು ನನ್ನನ್ನು ಹತ್ತಿರ ಕರೆದರು. “1432ರಲ್ಲಿ ಈ ಮೂರ್ತಿಯನ್ನು ನಿಲ್ಲಿಸಿದ ವೀರಪಾಂಡ್ಯನ ಹೆಸರು ಇಲ್ಲಿದೆ. ಅವನು ಬಾಹುಬಲಿಯನ್ನು ನಿಲ್ಲಿಸಿ ಹೆಸರು ಬರೆಸಿದ. ನೀನು ಏನು ನಿಲ್ಲಿಸಿ ಬರೆದೆಯೋ?” ನನ್ನಲ್ಲಿ ಉತ್ತರವಿರಲಿಲ್ಲ.

ಪುಸ್ತಕ ಹರಿದರೆ ಇನ್ನೊಂದು ಪ್ರತಿ ಸಿಗಬಹುದು. ಶಾಸನದ ಅಕ್ಷರ ಅಳಿದರೆ ಇತಿಹಾಸದ ಸಾಕ್ಷಿಯೇ ಹೋಗುತ್ತದೆ. ಕಳೆದ ವರ್ಷ ಮಗಳೊಂದಿಗೆ ಹೋಗಿ ಆ ಕಂಬ ಹುಡುಕಿದೆ. ನನ್ನ ಗೀರು ಮಸುಕಾಗಿ ಇನ್ನೂ ಉಳಿದಿತ್ತು. ನಾಚಿಕೆಯಿಂದಲೇ ಅವಳಿಗೆ ತೋರಿಸಿದೆ.

ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ನಮ್ಮ ಶಾಲೆಯ ಮಕ್ಕಳಿಗೆ ನನ್ನದೊಂದೇ ಮಾತು: ಪ್ರವಾಸ ಹೋದಾಗ ಕಲ್ಲನ್ನು ಓದಿ ಬನ್ನಿ, ಅದರ ಮೇಲೆ ಬರೆದು ಬರಬೇಡಿ.